ವೈರಿಲ್ಲದ ಸ್ಪೀಕರು

ಬಟವಾಡಿಯ ನನ್ನ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಕಾರ್ ಸ್ಟೀರಿಯೊ ರಿಪೇರಿ ಮಾಡುತ್ತಿದ್ದೇನೆ. ಸ್ಪೀಕರು ಗೊರಗುಟ್ಟಿದರೆ ಮೊದಲು ಅರ್ಥ್ ವೈರ್ ನೋಡುವವನು ನಾನು. ಗಿರಾಕಿ ಸಂಧ್ಯಾ ತಂದದ್ದು ತೀರಿಕೊಂಡ ತನ್ನ ಅಪ್ಪನ ಹಳೆಯ ಪದ್ಮಿನಿ ಕಾರು. ತಿರುವು ಬಂದಾಗಲೆಲ್ಲ ಅದರ ಸ್ಪೀಕರಿನಲ್ಲಿ ಟಕ್, ಟಕ್, ಟಕ್. ಅರ್ಥ್ ಬದಲಿಸಿದರೂ ಹೋಗಲಿಲ್ಲ. ಕೊನೆಗೆ ವೈರನ್ನು ಕಿತ್ತು ಅಂಗಡಿಯಲ್ಲೇ ಬಿಟ್ಟು, ಸ್ಪೀಕರನ್ನು ತೊಡೆಯ ಮೇಲಿಟ್ಟುಕೊಂಡು, ಓಡಿಸಿ ನೋಡೋಣವೆಂದು ಕಾರಿನಲ್ಲಿ ಅವಳ ಪಕ್ಕ ಕೂತೆ.

ಮಟಮಟ ಮಧ್ಯಾಹ್ನ, ಕಡಬ ಕೆರೆ ಏರಿಯ ತಿರುವು. ಸ್ಪೀಕರು ತಣ್ಣಗಾಗಿ ಮೂರು ಸಲ ಬಡಿಯಿತು. ಸಂಧ್ಯಾ ಬ್ರೇಕ್ ಒತ್ತಿದಳು. ತಿರುವಿನಾಚೆ ತೆಂಗಿನಕಾಯಿ ಟ್ರ್ಯಾಕ್ಟರ್ ಅಡ್ಡ ನಿಂತಿತ್ತು.

“ಕಾರು ಕಲಿಸೋವಾಗ ಅಪ್ಪ ಹಿಂಗೇ ಉಂಗುರದಲ್ಲಿ ಡ್ಯಾಶ್‌ಬೋರ್ಡ್ ಬಡೀತಿದ್ರು, ನಿಧಾನ ಅಂತ,” ಎಂದಳು.

ಸ್ಪೀಕರನ್ನು ವೈರಿಲ್ಲದೆ ಹಾಗೆಯೇ ಕಾರಿನಲ್ಲಿ ಕೂರಿಸಿಕೊಟ್ಟೆ. ಮೊನ್ನೆ ಕುಣಿಗಲ್‌ನಿಂದ ಫೋನ್ ಮಾಡಿದ್ದಳು. “ಒಬ್ಳೇ ಓಡಿಸ್ಕೊಂಡ್ ಬಂದೆ ಅಣ್ಣ. ಒಂದ್ ತಿರುವೂ ಬಿಡ್ದಂಗೆ ಬಡೀತು.”

ಆ ವೈರು ಇನ್ನೂ ನನ್ನ ಮೇಜಿನ ಮೇಲೇ ಇದೆ.