ಇದಕ್ಕಿಂತ ಕೆಟ್ಟದ್ದು ಇದೆಯಾ?

"ಇದು ತುಂಬಾ ಚೆನ್ನಾಗಿ ಕೇಳುತ್ತೆ. ವಾಪಸ್ ತಗೊಳ್ಳಿ."

ಅಂಗಡಿಯವನು ತಲೆಯೆತ್ತಿದ. ಇಯರ್‌ಫೋನ್ ಮಾರುವವನು ಕೇಳದ ದೂರಿಲ್ಲ: ಒಂದು ಕಡೆ ಸತ್ತಿದೆ, ಕಿವಿಯಲ್ಲಿ ನಿಲ್ಲಲ್ಲ, ನಾಯಿ ಅಗಿದುಬಿಟ್ಟಿತು. ಚೆನ್ನಾಗಿ ಕೇಳುತ್ತದೆ ಎಂಬ ದೂರು ಮಾತ್ರ ಹೊಸದು.

ಅವಳು ಡಬ್ಬಿಯನ್ನು ಗಾಜಿನ ಮೇಲಿಟ್ಟು ಅವನತ್ತ ತಳ್ಳಿದಳು. ಕಣ್ಣ ಕೆಳಗೆ ಕಪ್ಪುಗಟ್ಟಿತ್ತು. ಬೆರಳು ಸಣ್ಣಗೆ ನಡುಗುತ್ತಿತ್ತು. ಆ ನಡುಕವನ್ನು ಅವನು ತನ್ನ ಖಾತೆಗೆ ಜಮಾ ಮಾಡಿಕೊಂಡ.

"ನಮ್ಮಲ್ಲಿರೋದ್ರಲ್ಲಿ ಅದೇ ಬೆಸ್ಟು, ಮೇಡಂ."

"ಗೊತ್ತು. ಇದಕ್ಕಿಂತ ಕೆಟ್ಟದ್ದು ಇದೆಯಾ?"

ಅವಳ ಹಳೆಯ ಇಯರ್‌ಫೋನ್ ಫೋನಿನ ಜೊತೆಗೇ ಬಂದದ್ದು, ತಂತಿ ಕತ್ತರಿಸಿಹೋಗಿತ್ತು. ಅಂಥದ್ದು ಈಗ ಎಲ್ಲೂ ಸಿಗುತ್ತಿರಲಿಲ್ಲ. ಅವನು ಬೇರೊಂದು ಕೊಟ್ಟ. ಎರಡೇ ದಿನಕ್ಕೆ ಅದೂ ವಾಪಸ್ ಬಂತು, ಮತ್ತೊಂದು ಹೋಯಿತು.

ಬಿಲ್ ಹಾಕುತ್ತಿದ್ದ ಅವನ ಅಕ್ಕ ಕನ್ನಡಕದ ಮೇಲಿಂದ ನೋಡಿದಳು. "ಅವಳು ಇಯರ್‌ಫೋನ್ ಬದಲಾಯಿಸೋಕೆ ಬರ್ತಿಲ್ಲ ಕಣೋ. ನೀನು ಮೊದಲು ಆ ಶರ್ಟು ಬದಲಾಯಿಸು."

ಅವನು ಶರ್ಟು ಬದಲಾಯಿಸಿದ. ಕ್ಷೌರವೂ ಆಯಿತು. ಪ್ರೀತಿಗೆ ಬೀಳುವವನಿಗೆ ಪುರಾವೆ ಬೇಕಿಲ್ಲ, ಒಬ್ಬ ಅಕ್ಕ ಸಾಕು.

ಅವಳ ಕೆಲಸವೇನೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಆಂಬುಲೆನ್ಸ್ ಕಚೇರಿಯ ಹಿಂಬದಿಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ ಅವಳು ಟೈಪಿಸ್ಟ್. ಸಹಾಯ ಬೇಡಿ ಬಂದ ಕರೆಗಳ ರೆಕಾರ್ಡಿಂಗನ್ನು ಫೋನಿನಲ್ಲಿ ಹಾಕಿಕೊಂಡು, ವಿಚಾರಣೆಗೆಂದು ಪ್ರತಿ ಮಾತನ್ನೂ ಟೈಪ್ ಮಾಡಬೇಕು. ಬದುಕಿದವರ ಕರೆಗಳನ್ನು ಯಾರೂ ಟೈಪ್ ಮಾಡಿಸುವುದಿಲ್ಲ.

ಈಗ ಒಂದು ಕರೆ ಅವಳ ಮೇಜಿನ ಮೇಲೆ ಅರ್ಧಕ್ಕೇ ನಿಂತಿತ್ತು.

"ಸೋಮವಾರ ಮುಗಿಸಿ," ಎಂದಿದ್ದರು ಮೇಲಿನವರು, ದನಿಯೇರಿಸದೆ. "ಆಗಲ್ಲ ಅಂದ್ರೆ ಹೇಳಿಬಿಡಿ, ಬೇರೆಯವರನ್ನ ನೋಡ್ಕೋತೀವಿ."

ಆ ಕೆಲಸ ಹೋದರೆ ಮನೆಯಲ್ಲಿ ಅಮ್ಮನ ಔಷಧವೂ ನಿಲ್ಲುತ್ತಿತ್ತು. ಭಾನುವಾರ ಮಧ್ಯಾಹ್ನ, ಮಲಗಿದ್ದ ಅಮ್ಮನ ಮೂಗಿನ ಹತ್ತಿರ ಅವಳು ಬೆರಳು ಹಿಡಿದು ನಿಂತಳು.

"ಇನ್ನೂ ಇದ್ದೀನಿ ಕಣೇ," ಎಂದಳು ಅಮ್ಮ, ಕಣ್ಣು ತೆರೆಯದೆ. "ಕೈ ತೆಗಿ, ಸೆಖೆ."

ಸೋಮವಾರ ಅಂಗಡಿ ತೆರೆಯುವುದಕ್ಕೇ ಕಾದಿದ್ದು ಅವಳು ಒಳಗೆ ಬಂದಳು. ಡಬ್ಬಿಯನ್ನು ಗಾಜಿನ ಮೇಲಿಟ್ಟಳು.

ಅವನು ರಾತ್ರಿಯಿಡೀ ಹೊಂದಿಸಿಕೊಂಡಿದ್ದ ಮಾತನ್ನು ಆಡಿಯೇಬಿಟ್ಟ. "ನನ್ನನ್ನ ನೋಡೋಕಾದ್ರೆ ಸುಮ್ನೆ ಬನ್ನಿ. ಇಯರ್‌ಫೋನ್ ನೆಪ ಯಾಕೆ?"

ಅಕ್ಕ ಕಿಸಕ್ಕೆಂದಳು.

ಅವಳ ಮುಖದಲ್ಲಿದ್ದ ಅಷ್ಟಿಷ್ಟು ರಕ್ತವೂ ಇಳಿದುಹೋಯಿತು. *ಇದೊಂದು ಅಂಗಡಿಯಲ್ಲಾದರೂ ಸಾವಿನ ಮಾತು ಎತ್ತಬೇಕಿಲ್ಲ ಅಂದುಕೊಂಡಿದ್ದೆ...*

"ನಾನು ಸತ್ತವರ ಕರೆಗಳನ್ನ ಟೈಪ್ ಮಾಡೋಳು," ಎಂದಳು. "ಒಬ್ಬ ಮನುಷ್ಯ ಹೆಂಡತಿಗೆ ಆಂಬುಲೆನ್ಸ್ ಕೇಳಿ ಫೋನ್ ಮಾಡಿದಾನೆ. ಈ ಕಡೆಯವರು ಕೇಳ್ತಾನೇ ಇದಾರೆ, ಉಸಿರಾಡ್ತಿದಾರಾ ಅಂತ. ಹೂಂ, ಆಡ್ತಿದಾಳೆ ಅಂತಾನೆ. ಮತ್ತೆ ಕೇಳ್ತಾರೆ. ಆಡ್ತಿದಾಳೆ ಅಂತಾನೆ."

ಅಕ್ಕ ಬಿಲ್ ಪುಸ್ತಕ ಮುಚ್ಚಿದಳು.

"ಹಳೇದ್ರಲ್ಲಿ ಬರೀ ಮಾತು ಕೇಳ್ತಿತ್ತು. ನಾನೂ ನಂಬ್ಕೊಂಡು ಟೈಪ್ ಮಾಡ್ತಿದ್ದೆ. ನಿಮ್ಮ ಬೆಸ್ಟ್ ಇದೆಯಲ್ಲ, ಅದ್ರಲ್ಲೂ, ಆಮೇಲೆ ಕೊಟ್ಟಿದ್ರಲ್ಲೂ ಅವಳ ಉಸಿರು ಕೇಳುತ್ತೆ. ಅದು ನಿಂತಿದ್ದೂ ಕೇಳುತ್ತೆ. ಆಮೇಲೂ ಅವನು... ಆಡ್ತಿದಾಳೆ, ಆಡ್ತಿದಾಳೆ ಅಂತಾನೇ ಇದಾನೆ. ಅಲ್ಲಿಂದ ಮುಂದೆ ನನ್ನ ಕೈ ಓಡ್ತಿಲ್ಲ."

ಅವಳು ಬಾಗಿಲ ಕಡೆ ತಿರುಗಿದಳು.

"ಕೂತ್ಕೊಳ್ಳಿ," ಎಂದ ಅವನು. ಹೊಸ ಶರ್ಟಿನಲ್ಲಿ ಅವನು ನಾಚಿ ಹಿಡಿಯಾಗಿಬಿಟ್ಟಿದ್ದ. "ದಯವಿಟ್ಟು."

ಅಕ್ಕ ಎದ್ದು ಸ್ಟೂಲು ತಂದಿಟ್ಟಳು. ನಗು ಎಲ್ಲಿ ಇಡಬೇಕೆಂದು ತೋಚದೆ ಸ್ಟೂಲನ್ನು ಒರೆಸಿದಳು.

ಅವನು ಇಯರ್‌ಫೋನಿನ ರಬ್ಬರ್ ಕಳಚಿದ. ಗಾಯಕ್ಕೆ ಅಂಟಿಸುವ ತೆಳ್ಳನೆಯ ಕಾಗದದ ಪಟ್ಟಿಯಿಂದ ಕಾಳಿನಷ್ಟು ಚೂರು ಕತ್ತರಿಸಿ, ದನಿ ಹೊರಬರುವ ಬಾಯಿಗೆ ಅಂಟಿಸಿದ. ಅವಳ ಫೋನು ಇಸಿದುಕೊಂಡು ಹಿಂದಿನ ಗೋಡೌನಿಗೆ ಹೋದ. ಬಂದ.

"ನನ್ನ ದನೀನೇ ರೆಕಾರ್ಡ್ ಮಾಡಿದೀನಿ. ಮೊದಲು ಒಂದು ಮಾತು, ಆಮೇಲೆ ಬರೀ ಉಸಿರು. ಮಾತು ಕೇಳಬೇಕು, ಉಸಿರು ಕೇಳಬಾರದು."

ಅವಳು ಹಾಕಿಕೊಂಡಳು. "ಎರಡೂ ಕೇಳ್ತಿದೆ."

ಇನ್ನೊಂದು ಚೂರು ಅಂಟಿಸಿದ. ಅವಳು ಕಣ್ಣು ಮುಚ್ಚಿ ಕೇಳಿದಳು. ತುಸು ದೂರದಿಂದ, ಗೋಡೆಯಾಚೆಯಿಂದೆಂಬಂತೆ ಅವನ ದನಿ: *ತಪ್ಪಾಯ್ತು. ಕ್ಷಮಿಸಿ.*

ಆಮೇಲೆ ಏನೂ ಇಲ್ಲ.

"ಮಾತು ಮಾತ್ರ ಕೇಳ್ತಿದೆ," ಎಂದಳು.

ಆವತ್ತು ಅವಳು ಕರೆಯನ್ನು ಕೊನೆಯವರೆಗೂ ಟೈಪ್ ಮಾಡಿದಳು. ಗಂಡ: ಆಡ್ತಿದಾಳೆ. ಗಂಡ: ಆಡ್ತಿದಾಳೆ. ಗಂಡ: ಬೇಗ ಬನ್ನಿ, ಆಡ್ತಿದಾಳೆ. ಉಸಿರು ಎಲ್ಲಿ ನಿಂತಿತೆಂದು ಅವಳಿಗೆ ಗೊತ್ತಿತ್ತು. ಕಿವಿಗೆ ಮಾತ್ರ ಬೀಳಲಿಲ್ಲ. ಕೈ ಓಡಿತು. ಕಾಗದ ಒಪ್ಪಿಸಿ, ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿಟ್ಟು ಅತ್ತಳು.

ಸಂಜೆ ಅಂಗಡಿಯಲ್ಲಿ ಅವನು ಹಳೆಯ ಶರ್ಟಿನಲ್ಲಿದ್ದ.

"ಮುಗೀತಾ?"

"ಮುಗೀತು. ಇನ್ನೊಂದು ಕೊಟ್ರು."

ಅವನು ಡಬ್ಬಿಗಾಗಿ ಅವಳ ಕೈ ನೋಡಿದ. ಕೈ ಖಾಲಿಯಿತ್ತು. ನಡುಕವೂ ಇರಲಿಲ್ಲ.

"ಮೊದಲು ಕೊಟ್ರಲ್ಲ, ಬೆಸ್ಟು... ಅದು ಬೇಕಿತ್ತು."

"ಅದ್ರಲ್ಲಿ ಎಲ್ಲಾ ಕೇಳುತ್ತಲ್ಲ."

"ಕೇಳಲಿ. ಇದು ಆಫೀಸಿಗಲ್ಲ, ಮನೆಗೆ. ನೀವು ಫೋನ್ ಮಾಡಿದಾಗ ಹಾಕ್ಕೊಳ್ಳೋಕೆ."

ಅವನು ಡಬ್ಬಿ ಹುಡುಕಿದ. ಎದುರಿಗೇ ಇದ್ದದ್ದು ಕಾಣಿಸಲಿಲ್ಲ.

"ನಿಮ್ಮ ನಂಬರ್..."

"ಬಿಲ್ಲಲ್ಲಿದೆ ಕಣೋ," ಎಂದಳು ಅಕ್ಕ, ತಲೆಯೆತ್ತದೆ. "ಎಲ್ಲಾ ಬಿಲ್ಲಲ್ಲೂ ಇದೆ."

ಡಬ್ಬಿ ಕೊನೆಗೂ ಸಿಕ್ಕಿತು. ಅದನ್ನು ಅವಳ ಕೈಗಿಟ್ಟ, ಬೆರಳು ಬಿಡುವುದನ್ನು ಮರೆತ.

"ನಂಗೆ ಫೋನಲ್ಲಿ ಮಾತಾಡೋಕೆ ಅಷ್ಟು ಬರಲ್ಲ," ಎಂದ.

"ಪರವಾಗಿಲ್ಲ," ಎಂದಳು ಅವಳು. "ಇದ್ರಲ್ಲಿ ಸುಮ್ನಿದ್ರೂ ಕೇಳುತ್ತೆ."