ಕಟ್ಟಿದ ಕಿವಿ

"ಅವನ ಕಿವಿಯ ಗೊಡವೆಗೆ ಹೋಗಬೇಡ ದಿಶಾ. ಅದು ಹಾಗೇ ಇರಲಿ."

ಬಂಗುಡೆ ಮೀನಿಗೆ ಮಸಾಲೆ ಹಚ್ಚುತ್ತಿದ್ದ ಅತ್ತೆ ಜಲಜಾಕ್ಷಿ ತಲೆ ಎತ್ತದೆ ಈ ಮಾತು ಹೇಳಿದಾಗ ದಿಶಾಗೆ ನಗು ತಡೆಯಲಾಗಲಿಲ್ಲ. ಕಿವಿಯ ಗೊಡವೆಯೇ ಅವಳ ಕಸುಬು. ಕಾಲೇಜು ಮುಗಿದಂದಿನಿಂದ ವಾಶಿಯ ಒಂದು ಕ್ಲಿನಿಕ್ಕಿನಲ್ಲಿ, ಸದ್ದು ಹೊಗದ ಗಾಜಿನ ಕಿಟಕಿಯ ಪುಟ್ಟ ಕೋಣೆಯೊಳಗೆ ಜನರನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಯಾರಿಗೆ ಎಷ್ಟು ಕೇಳಿಸುತ್ತದೆಂದು ಅಳೆಯುವುದೇ ಅವಳ ಕೆಲಸ. ಸುಜನ್ ಅವಳಿಗೆ ಪರಿಚಯವಾದದ್ದೂ ಅಲ್ಲೇ, ರೋಗಿಯಾಗಿ. ಒಂದು ಬೆಳಿಗ್ಗೆ ಎದ್ದಾಗ ಅವನ ಎಡಗಿವಿಗೆ ಒದ್ದೆ ಹತ್ತಿ ತುರುಕಿದಂತಾಗಿತ್ತು. ಒಳಗೆ, ಎಲ್ಲೋ ದೂರದ ಮನೆಯ ಕುಕ್ಕರು ಬಿಟ್ಟ ಸೀಟಿ ನಿಲ್ಲುವುದನ್ನೇ ಮರೆತಂತೆ, ಒಂದೇ ಸಮನೆ ಗುಂಯ್ ಎನ್ನುವ ಸದ್ದು. ಸ್ಕ್ಯಾನ್ ಮಾಡಿದರು, ಏನೂ ಸಿಗಲಿಲ್ಲ. ಕಿವಿಪೊರೆಗೆ ಇಂಜೆಕ್ಷನ್ ಚುಚ್ಚಿದರು, ಕೇಳಿಸಲಿಲ್ಲ. ರಿಪೋರ್ಟಿನಲ್ಲಿ ದಿಶಾ ತನ್ನ ಕೈಯಾರೆ 'ಕಾರಣ ತಿಳಿದಿಲ್ಲ' ಎಂದು ಬರೆದಿದ್ದಳು.

ಸುಜನ್ ಅದರ ಜೊತೆಗೇ ಬಾಳುವುದನ್ನು ಕಲಿತಿದ್ದ. ಯಾರೇ ಬರಲಿ, ಅವರನ್ನು ಬಲಗಡೆಗೆ ಕೂರಿಸುವನು. ಮದುವೆ ಮಂಟಪದ ಗದ್ದಲದಲ್ಲಿ ಮಾತು ತಿಳಿಯದೆ ತಪ್ಪು ಜಾಗದಲ್ಲಿ ನಗುವನು. ನಿಶ್ಶಬ್ದದಲ್ಲಿ ಆ ಗುಂಯ್ ಬೆಳೆಯುತ್ತದೆಂದು ಡಿಸೆಂಬರಿನಲ್ಲೂ ಫ್ಯಾನ್ ಹಾಕಿ ಮಲಗುವನು. ಕೇಳಲೆಂದು ತಲೆ ಓರೆ ಮಾಡುವ ಅವನ ಆ ಭಂಗಿಗೇ ದಿಶಾ ಮರುಳಾಗಿದ್ದಳು. ಡೊಂಬಿವಲಿಯ ತವರು ಬಿಟ್ಟು ಸಾನಪಾಡಾದ ಈ ಏಳನೇ ಮಹಡಿಯ ಮನೆಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

"ಅತ್ತೆ, ನಿಮಗೂ ಎಡಗಿವಿ ಕೇಳ್ಸಲ್ಲ, ಅವನಿಗೂ ಎಡಗಿವಿ ಕೇಳ್ಸಲ್ಲ. ಇದು ಜೆನೆಟಿಕ್. ಹೊಸ ಡಾಕ್ಟರ್ ಬಂದಿದ್ದಾರೆ, ತೋರಿಸೋಣ, ಅಷ್ಟೇ."

ಜಲಜಾಕ್ಷಿ ಮಸಾಲೆಯ ಕೈ ತೊಳೆದರು. ಮಗ ಹಾಲ್‌ನಲ್ಲಿ ಇದ್ದಾನೋ ಎಂದು ಇಣುಕಿ ನೋಡಿ ದನಿ ತಗ್ಗಿಸಿದರು.

"ರೋಗ ಅಲ್ಲ ಮಾರಾಯ್ತಿ. ಕಟ್ಟಿದ್ದು. ಕಟ್ಟಿಸಿದ್ದು ನಾನೇ."

ಕೋಪರಿಯಲ್ಲಿ ಮಾವ ಮುಂಡಪ್ಪನವರ ಹೋಟೆಲಿತ್ತು. ಪಾಲುದಾರನಿಗೂ ಅವರಿಗೂ ಜಗಳ ಹತ್ತಿ, ಆತ ಈ ಮನೆಯ ಗಂಡಸರ ಮೇಲೆ ಕರೆಮಾಟ ಮಾಡಿಸಿದ್ದ. ಸತ್ತವರು ಬದುಕಿದವರನ್ನು ಹೆಸರು ಹಿಡಿದು ಕರೆಯುವ ಮಾಟ. ಒಂದು ಸಂಜೆ, ತೀರಿಹೋದ ತನ್ನ ಅಮ್ಮ ಕರೆಯುತ್ತಿದ್ದಾಳೆಂದು ಮುಂಡಪ್ಪ ನಗುನಗುತ್ತಾ ಅಡುಗೆಮನೆಗೆ ಹೋಗಿ, ಗೋಳಿಬಜೆ ಬೇಯುತ್ತಿದ್ದ ಎಣ್ಣೆ ಬಾಣಲೆಯೊಳಗೆ ಮುಖ ಇಟ್ಟಿದ್ದರು. ಮರುವರ್ಷ ಹಿರಿಯ ಮಗ ಸೂರಜ್, "ಅಪ್ಪ ಕರೀತಿದ್ದಾರೆ" ಎಂದು ಹೇಳಿ ಕಳವಾ ದಾಟಿ ಓಡುತ್ತಿದ್ದ ಲೋಕಲ್ ರೈಲಿನ ಬಾಗಿಲಿನಿಂದ ಹೊರಗೆ ಕಾಲಿಟ್ಟಿದ್ದ. ಉಳಿದವನು ಸುಜನ್ ಒಬ್ಬನೇ.

"ಮಾಡಿಸಿದವನೂ ಸತ್ತ, ಮಾಡಿದವನೂ ಸತ್ತ. ಮಾಟ ತೆಗೆಯುವವರು ಯಾರೂ ಇಲ್ಲ. ಊರಿನ ಮಂತ್ರವಾದಿ ಒಬ್ಬರು ಕಿವಿ ಕಟ್ಟಬಹುದು ಅಂದ್ರು, ಕಟ್ಟಿಸಿದೆ. ಆ ಗುಂಯ್ ಸದ್ದು ಉಂಟಲ್ಲ, ಅದು ಗೋಡೆ. ಅದರ ಆಚೆ ಅವರಿದ್ದಾರೆ."

"ಅತ್ತೆ, ಪ್ಲೀಸ್. ನನ್ನ ಪೇಶೆಂಟ್‌ಗಳ ಮುಂದೆ ಇದನ್ನ ಹೇಳ್ಬೇಡಿ. ನನ್ನ ಕೆಲಸ ಹೋಗುತ್ತೆ," ಎಂದು ದಿಶಾ ಮತ್ತೆ ನಕ್ಕಳು.

ಅದಾದ ಮೇಲಿನ ಶನಿವಾರ ಜಲಜಾಕ್ಷಿ ಮಾರ್ಕೆಟ್ಟಿಗೆ ಹೋಗಿದ್ದಾಗ, ದಿಶಾ ಬಚ್ಚಲಿನ ಮೇಲಿನ ಅಟ್ಟದ ಸಾಮಾನು ಕೆಳಗಿಳಿಸಿ ಗುಡಿಸುತ್ತಿದ್ದಳು. ಹಳೆಯ ಇಡ್ಲಿ ತಟ್ಟೆಗಳ ಹಿಂದೆ ಒಂದು ತಾಮ್ರದ ಡಬ್ಬಿ ಕೈಗೆ ಸಿಕ್ಕಿತು. ಸುತ್ತ ಕರಿದಾರ ಬಿಗಿದಿತ್ತು. ಬಿಚ್ಚಿದಳು. ಒಳಗೆ ಸುಟ್ಟ ಮಣ್ಣಿನ ಒಂದು ಕಿವಿ. ಹೆಬ್ಬೆರಳಿನಷ್ಟೇ ದೊಡ್ಡದು, ಆದರೆ ಮಡಿಕೆ ಮಡಿಕೆಯೂ ಸರಿಯಾಗಿತ್ತು. ರಂಧ್ರಕ್ಕೆ ಜೇನುಮೇಣ ಮೆತ್ತಿ ಅದರೊಳಗೆ ಎರಡು ಕೂದಲೆಳೆ ಹೂತಿದ್ದರು, ಒಂದು ಕಪ್ಪು, ಒಂದು ನರೆತದ್ದು. ಕ್ಲಿನಿಕ್ಕಿನಲ್ಲಿ ತೋರಿಸಿದರೆ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ ಎಂದುಕೊಂಡಳು. ತಲೆಯಿಂದ ಪಿನ್ನು ಕಿತ್ತು ಮೇಣಕ್ಕೆ ಚುಚ್ಚಿ ಮೀಟಿದಳು.

ಟಪ್ ಎಂದು ಮೇಣ ಎದ್ದು ಬಂತು. ಕೂದಲು ಸುಟ್ಟ ವಾಸನೆ, ಅದರ ಹಿಂದೆಯೇ ಹಳಸಿದ ಎಣ್ಣೆಯ ಕಮಟು ಮೂಗಿಗೆ ಬಡಿಯಿತು. ಅದೇ ಗಳಿಗೆಗೆ ಹಾಲ್‌ನಲ್ಲಿ ಸುಜನ್ ಚೀರಿದ.

ಅವಳು ಓಡಿ ಬಂದಾಗ ಅವನು ಎಡಗಿವಿ ಹಿಡಿದುಕೊಂಡು ನಿಂತಿದ್ದ. ಕಣ್ಣಲ್ಲಿ ನೀರು.

"ದಿಶಾ... ನಿಂತುಹೋಯ್ತು. ಆ ಸದ್ದು ನಿಂತುಹೋಯ್ತು! ಪಾರಿವಾಳ ಕೇಳಿಸ್ತಾ ಉಂಟು ನನಗೆ. ಎಡಗಡೆಯಿಂದ!"

ಇಬ್ಬರೂ ತಬ್ಬಿಕೊಂಡು ಅತ್ತರು. ಇಂಥದ್ದು ತಾನಾಗಿಯೇ ವಾಸಿಯಾಗುವುದುಂಟು ಎಂದು ದಿಶಾ ಓದಿದ್ದಳು. ಈಗಲೇ ಅಳೆದು ನೋಡಬೇಕು ಎಂದು ಮಧ್ಯಾಹ್ನದ ಬಿಸಿಲಿನಲ್ಲೇ ಅವನನ್ನು ರಿಕ್ಷಾ ಹತ್ತಿಸಿದಳು. ಡಬ್ಬಿ ಅವಳ ಬ್ಯಾಗಿನಲ್ಲಿತ್ತು.

ಕ್ಲಿನಿಕ್ಕಿನಲ್ಲಿ ಊಟದ ಹೊತ್ತು. ರಿಸೆಪ್ಷನ್ನಿನ ಹುಡುಗಿ ಅನುಷ್ಕಾ ಒಬ್ಬಳೇ ಇದ್ದಳು. ದಿಶಾ ಸುಜನ್‌ನನ್ನು ಗಾಜಿನ ಕಿಟಕಿಯ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ದಪ್ಪ ಬಾಗಿಲು ಮುಚ್ಚಿದಳು. ಎಡಗಿವಿಗೆ ಸದ್ದು ಕಳಿಸಿದಳು. ಕೇಳಿಸಿತೆಂದು ಅವನು ಕೈ ಎತ್ತಿದ. ಇನ್ನೂ ಸಣ್ಣ ಸದ್ದು. ಕೈ ಎತ್ತಿದ. ಸೊಳ್ಳೆಯ ಉಸಿರಿನಷ್ಟು ಸದ್ದು. ಆಗಲೂ ಕೈ ಎತ್ತಿದ. ದಿಶಾಳ ಎದೆ ತುಂಬಿ ಬಂತು. ಗುಂಡಿಯಿಂದ ಬೆರಳು ತೆಗೆದು ಕಣ್ಣೊರೆಸಿಕೊಂಡಳು.

ಸುಜನ್ ಕೈ ಎತ್ತಿದ.

"ನಾನೇನೂ ಕಳಿಸಿಲ್ಲ ಸುಜನ್," ಎಂದಳು ಮೈಕಿನಲ್ಲಿ.

ಅವನು ಮತ್ತೆ ಕೈ ಎತ್ತಿದ. ಶಾಲೆಯಲ್ಲಿ ಹಾಜರಿ ಕೂಗಿದಾಗ ಎತ್ತುವ ಹಾಗೆ. ತುಟಿ ಅಲುಗಿತು. ದಿಶಾಳ ಮೇಜಿನ ಮೇಲಿನ ಪುಟ್ಟ ಸ್ಪೀಕರಿನಿಂದ ಅವನ ದನಿ ಬಂತು.

"ಹಾಂ ಅಣ್ಣ. ಕೇಳಿಸ್ತಾ ಉಂಟು."

ದಿಶಾ ಕುರ್ಚಿ ತಳ್ಳಿ ಎದ್ದಳು.

"ಅಪ್ಪನೂ ಇದ್ದಾರಾ? ಎಲ್ಲಿಂದ ಬರಲಿ? ಇಲ್ಲಿಂದಲಾ?"

ಅವನು ಎದ್ದು ಬಂದು ಕಿಟಕಿಯ ಗಾಜಿಗೆ ಹಣೆ ಒತ್ತಿದ. ಅವಳನ್ನೇ ನೋಡುತ್ತಿದ್ದ, ಆದರೆ ಅವನಿಗೆ ಅವಳು ಕಾಣುತ್ತಿರಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದ. ನಕ್ಕ. ಹಣೆಯನ್ನು ಗಾಜಿಗೆ ಅಪ್ಪಳಿಸಿದ.

ಸದ್ದು ಹೊರಗೆ ಬರಲಿಲ್ಲ. ಸ್ಪೀಕರಿನಲ್ಲಿ ಮಾತ್ರ ಧಪ್ ಎಂದಿತು. ಮತ್ತೆ ಧಪ್. ಗಾಜಿನ ಮೇಲೆ ರಕ್ತ ಹೂವಿನಂತೆ ಅರಳಿತು. ಮೂರನೆಯ ಏಟಿಗೆ ಕಿಟಕಿಯ ಜೋಡಿ ಗಾಜಿನಲ್ಲಿ ಒಳಗಿನದು ಬಿರಿದು ಉದುರಿತು. ಅವನು ಬಗ್ಗಿ, ಉದ್ದನೆಯ ಚೂರೊಂದನ್ನು ಆರಿಸಿಕೊಂಡ.

ದಿಶಾ ಬಾಗಿಲು ತೆರೆದು ನುಗ್ಗಿದಳು. ಚೂರು ಅವಳ ಮುಂಗೈಯನ್ನು ಮೊಣಕೈವರೆಗೆ ಸೀಳಿತು. ರಕ್ತ ಚಿಮ್ಮಿ ಗೋಡೆಗೆ ಹೊದಿಸಿದ್ದ, ಸದ್ದು ಹೀರುವ ಸ್ಪಂಜಿಗೆ ಇಂಗಿತು. ಅನುಷ್ಕಾ "ಅರೇ ದೇವಾ!" ಎಂದು ಕಿರುಚುತ್ತಾ ಬಂದು ಅವನ ಕೈಗೆ ಎರಡೂ ಕೈಯಿಂದ ಜೋತುಬಿದ್ದಳು. ಚೂರಿನ ತುದಿ ಅವನ ಕುತ್ತಿಗೆಯಲ್ಲಿ ಆಗಲೇ ಇಳಿಯತೊಡಗಿತ್ತು. ಆಗ ಮೇಜಿನ ಮೇಲಿದ್ದ ದಿಶಾಳ ಫೋನ್ ಬಡಿದುಕೊಂಡಿತು. ಅತ್ತೆ. ದಿಶಾ ಹೊರಗೆ ಓಡಿಬಂದು ರಕ್ತದಲ್ಲಿ ಒದ್ದೆಯಾದ ಬೆರಳಿನಿಂದ ಸ್ಪೀಕರ್ ಒತ್ತಿದಳು.

"ಏನು ಮಾಡಿದೆ ಮಗಾ?" ಜಲಜಾಕ್ಷಿ ಏದುಸಿರು ಬಿಡುತ್ತಿದ್ದರು. "ಮನೆಗೆ ಬಂದು ನೋಡಿದ್ರೆ ಅಟ್ಟದಲ್ಲಿ ಡಬ್ಬಿ ಇಲ್ಲ. ಮೇಣ ಕಿತ್ತೆಯಾ? ಮಣ್ಣಿನ ಕಿವಿ ಎಲ್ಲಿ?"

"ನನ್ನ ಹತ್ತಿರ ಇದೆ! ಅತ್ತೆ, ಅವನು ಕುತ್ತಿಗೆ ಕೊಯ್ಕೊಳ್ತಿದ್ದಾನೆ!"

"ಮುಚ್ಚು ಅದನ್ನ! ಯಾವುದರಲ್ಲಾದರೂ ಮುಚ್ಚು. ಅವನ ಕೂದಲು, ನಿನ್ನ ಕೂದಲು ಒಳಗಿಡು. ಹೆತ್ತವಳದ್ದೋ ಕೈಹಿಡಿದವಳದ್ದೋ ಒಂದು ಕಿವಿ ಕೊಡ್ಬೇಕು ಅದಕ್ಕೆ. ಅವತ್ತು ನನ್ನದು ಕೊಟ್ಟೆ. ಈಗ ನಿನ್ನದು ಕೊಡ್ತೇನೆ ಅಂತ ಬಾಯಿಬಿಟ್ಟು ಹೇಳು."

"ನಿಮ್ಮದೇ ಮತ್ತೆ..."

"ಒಮ್ಮೆ ಕೊಟ್ಟದ್ದು ಮತ್ತೆ ತಗೊಳ್ಳೂದಿಲ್ಲ ಅದು. ಬೇಗ ಮಾಡು ದಿಶಾ. ನೀನು ಕಿತ್ತಾಗ ನನ್ನ ಕಿವಿಯೂ ಬಿಟ್ಟುಹೋಯ್ತು. ಕಿವಿ ಕೊಟ್ಟವಳನ್ನೂ ಬಿಡೂದಿಲ್ಲ, ನನ್ನನ್ನೂ ಕರೀತಿದ್ದಾರೆ."

ಮೇಜಿನ ಮೇಲೆ, ಕಿವಿಯ ಅಚ್ಚು ತೆಗೆಯುವ ಗುಲಾಬಿ ಬಣ್ಣದ ಹಿಟ್ಟು ಇತ್ತು. ದಿಶಾ ಅದನ್ನು ರಕ್ತದ ಕೈಯಲ್ಲೇ ನಾದಿದಳು. ಒಳಗೆ ಓಡಿ ಅವನ ತಲೆಯಿಂದ ಒಂದು ಹಿಡಿ ಕೂದಲು ಕಿತ್ತಳು. ತನ್ನದೂ ಕಿತ್ತಳು. ಹಿಟ್ಟಿನೊಳಗೆ ಸೇರಿಸಿ, ಬ್ಯಾಗಿನಿಂದ ಡಬ್ಬಿ ತೆಗೆದು, ಮಣ್ಣಿನ ಕಿವಿಯ ರಂಧ್ರಕ್ಕೆ ತುರುಕಿದಳು. ಡಬ್ಬಿಯ ಕರಿದಾರ ಸುತ್ತಿದಳು. ಜಾರಿತು. ಮತ್ತೆ ಸುತ್ತಿದಳು. ಅನುಷ್ಕಾಳ ಹಿಡಿತ ಸಡಿಲುತ್ತಿತ್ತು.

"ನನ್ನದು ತಗೋ! ನನ್ನ ಕಿವಿ ತಗೋ, ಅವನದು ಮುಚ್ಚು!"

ಒದ್ದೆಯಾದ, ತಣ್ಣಗಿನದೇನೋ ಅವಳ ಎಡಗಿವಿಯೊಳಗೆ ತೆವಳಿ ಹೊಕ್ಕಿತು. ಉಬ್ಬಿತು. ತುಂಬಿತು. ಜಗತ್ತಿನ ಅರ್ಧ ಆರಿಹೋಯಿತು. ಆ ಜಾಗದಲ್ಲಿ ಗುಂಯ್ ಎಂದು ಶುರುವಾಯಿತು. ಸುಜನ್‌ನ ಕೈಯಿಂದ ಗಾಜು ಜಾರಿತು. ಅವನು ಎಡಗಿವಿ ಹಿಡಿದುಕೊಂಡು ಕುಸಿದು, ಮಗುವಿನಂತೆ ಬಿಕ್ಕತೊಡಗಿದ.

"ಆಯ್ತು ಅತ್ತೆ! ಕಟ್ಟಿದೆ! ಅವನು ಉಳಿದ!"

ದಿಶಾ ಫೋನನ್ನು ಬಲಗಿವಿಗೆ ಒತ್ತಿ ಹಿಡಿದಳು. ಅಡುಗೆಮನೆಯ ಕಿಟಕಿಯ ಗ್ರಿಲ್ಲಿನ ಬೀಗ ಕಳಚಿದ ಸದ್ದು. ತುಕ್ಕು ಹಿಡಿದ ಕೀಲು ಕಿರ್‍ರೆಂದಿತು.

"ಅತ್ತೆ, ಬೇಡ! ಕಿವಿ ಮುಚ್ಕೊಳ್ಳಿ! ಅತ್ತೆ!"

"ಬಂದೆ ಮಾರಾಯ್ರೆ," ಎಂದರು ಜಲಜಾಕ್ಷಿ. ಅಷ್ಟು ಸಂತೋಷದ ದನಿಯನ್ನು ದಿಶಾ ಆ ಮನೆಯಲ್ಲಿ ಕೇಳಿಯೇ ಇರಲಿಲ್ಲ. "ಸೂರಜ್, ಕೈ ಕೊಡು ಮಗಾ. ಹತ್ತುವುದಕ್ಕೆ ಎತ್ತರ ಆಗ್ತದೆ."

ಆಮೇಲೆ ಬರೀ ಗಾಳಿ. ಪಾರಿವಾಳಗಳು ಒಟ್ಟಿಗೆ ರೆಕ್ಕೆ ಬಡಿದು ಎದ್ದವು. ಬಹಳ ಕೆಳಗೆ ಯಾರೋ ಹೆಂಗಸು ಕೂಗಿಕೊಂಡಳು.

ಗಂಡ, ಮಗನನ್ನು ಕಳೆದುಕೊಂಡ ವಿಧವೆಯ ಮನೋವ್ಯಥೆ ಎಂದು ಪೊಲೀಸರು ಕೇಸು ಮುಗಿಸಿದರು. ಸುಜನ್‌ನ ಕುತ್ತಿಗೆಯ ಗಾಯ ಮಾಯಿತು, ಗುರುತು ಉಳಿಯಿತು. ಹೊಸ ಡಾಕ್ಟರು ದಿಶಾಳ ಕಿವಿ ಪರೀಕ್ಷಿಸಿ, ಸ್ಕ್ಯಾನ್ ಮಾಡಿಸಿ, ತಲೆ ಕೆರೆದುಕೊಂಡರು. ಗಂಡ ಹೆಂಡಿರ ಗ್ರಾಫುಗಳನ್ನು ಒಂದರ ಮೇಲೊಂದು ಇಟ್ಟರೆ ಗೆರೆ ಒಂಚೂರೂ ಆಚೀಚೆ ಇರಲಿಲ್ಲ.

ಈಗ ಅವರು ರಸ್ತೆಯಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯುತ್ತಾರೆ. ಜೊತೆಯಾಗಿ ನಡೆದರೆ ಇಬ್ಬರಲ್ಲಿ ಒಬ್ಬರು ಇನ್ನೊಬ್ಬರ ಸತ್ತ ಕಿವಿಯ ಕಡೆಗೇ ಬೀಳಬೇಕು. ಗುಂಯ್ ಸದ್ದಿಗೆ ದಿಶಾ ಹೊಂದಿಕೊಂಡಿದ್ದಾಳೆ. ನಿದ್ದೆ ಬಾರದಿದ್ದರೂ ಅದನ್ನು ಶಪಿಸುವುದಿಲ್ಲ.

ಆದರೆ ಕೆಲವು ಮಧ್ಯಾಹ್ನ, ಬಿಲ್ಡಿಂಗಿನಲ್ಲಿ ಎಲ್ಲರೂ ಉಂಡು ಮಲಗಿದ ಹೊತ್ತಿಗೆ, ಆ ಸದ್ದು ತೆಳುವಾಗುತ್ತದೆ, ತೊಳೆದು ತೊಳೆದು ಸವೆದ ಬಟ್ಟೆಯ ಹಾಗೆ. ಅದರಾಚೆಯಿಂದ ಜಲಜಾಕ್ಷಿಯ ದನಿ ಬರುತ್ತದೆ. ಸಿಟ್ಟಿಲ್ಲ, ಅವಸರವಿಲ್ಲ, ಊಟಕ್ಕೆ ಕರೆದಂತೆ ಇರುತ್ತದೆ. ದಿಶಾ ಎದ್ದು ಹೋಗಿ ಖಾಲಿ ಮಿಕ್ಸಿಯನ್ನು ಜೋರಾಗಿ ತಿರುಗಿಸುತ್ತಾಳೆ. ಹಾಲ್‌ನಲ್ಲಿ ಸುಜನ್ ಟಿವಿಯ ಸದ್ದನ್ನು ಪೂರ್ತಿ ಏರಿಸುತ್ತಾನೆ. ಪಕ್ಕದ ಮನೆಯವರು ಗೋಡೆ ಗುದ್ದುತ್ತಾರೆ. ಏನು ಕೇಳಿಸಿತೆಂದು ಅವರಿಬ್ಬರೂ ಒಬ್ಬರನ್ನೊಬ್ಬರು ಕೇಳುವುದಿಲ್ಲ.