ಗುಂಡು ಮರಳಿ ಬಂದ ಮಧ್ಯಾಹ್ನ

ಬೇಡ ಅನ್ನುವವನಿಗೇ ಎಲ್ಲವೂ ಯಾಕೆ ಸಿಗಬೇಕು? ಹೋಟೆಲಿನ ಅಡುಗೆಮನೆಯಲ್ಲಿ ಪಕ್ಕದ ಒಲೆಯ ಮುಂದೆ ನಿಲ್ಲುತ್ತಿದ್ದ ಗೆಳೆಯನನ್ನು ಕಂಡಾಗಲೆಲ್ಲ ಇವನಿಗೆ ಈ ಪ್ರಶ್ನೆ ಏಳುತ್ತಿತ್ತು. ಗೆಳೆಯನಿಗೆ ದೂರದ ನಗರದಲ್ಲಿ ದೊಡ್ಡಮ್ಮ ಇದ್ದಳು, ತಾಯಿಯಿಲ್ಲದ ಅವನನ್ನು ಸಾಕಿದವಳು. ಆಕೆಗೊಂದು ಚಹಾಮನೆ ಇತ್ತು. ದುಡ್ಡಿದ್ದವರು ಮಧ್ಯಾಹ್ನ ಬಂದು, ಅಮೃತಶಿಲೆಯ ಮೇಜಿನ ಮುಂದೆ ಕೂತು, ಆರಾಮವಾಗಿ ಚಹಾ ಹೀರುವಂಥ ಜಾಗ. ಗಂಡ ತೀರಿಕೊಂಡ ಮೇಲೆ ಆಕೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಿದ್ದಳು: ಗುಂಡು, ಎಲ್ಲಿದ್ದರೂ ಬಾ, ಇದೆಲ್ಲ ನಿನ್ನದೇ. ಗೆಳೆಯ ಅದನ್ನು ಓದಿ ಕಣ್ಣೊರೆಸಿಕೊಂಡ. ಆಮೇಲೆ ಅದೇ ಹಾಳೆಯ ಮೇಲೆ ಈರುಳ್ಳಿ ಸಿಪ್ಪೆ ಸುರಿದ.

"ನನಗೂ ಚಹಾದಂಗಡಿಗೂ ಆಗಿಬರಲ್ಲ ಬಿಡೋ," ಅಂದ.

ಹಿಂದೆಮುಂದೆ ಯಾರೂ ಇಲ್ಲದ ಇವನಿಗೆ ಈ ಮಾತು ಕೇಳಿ ಮೈಯೆಲ್ಲ ಉರಿದುಹೋಯಿತು.

ಬೇರೆ ಕೆಲಸ ಹುಡುಕಿಕೊಂಡು ಇಬ್ಬರೂ ಹೊಸ ಊರಿಗೆ ಬಂದ ವಾರವೇ ಗೆಳೆಯ ಜ್ವರದಲ್ಲಿ ಮಲಗಿದ. ಯಾರು ಯಾರೆಂದು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ವೈದ್ಯರನ್ನು ಕರೆತರುತ್ತೇನೆಂದು ಹೊರಟವನು ಬೀದಿಯ ತಿರುವಿನಲ್ಲಿ ನಿಂತ. ನಿಂತೇ ಇದ್ದ. ತಾನು ಯಾರನ್ನೂ ಕೊಲ್ಲಲಿಲ್ಲ, ಸ್ವಲ್ಪ ತಡಮಾಡಿದೆ ಅಷ್ಟೆ ಎಂದು ಅವನು ಇವತ್ತಿಗೂ ತನಗೆ ತಾನೇ ಹೇಳಿಕೊಳ್ಳುತ್ತಾನೆ. ಸತ್ತವನಿಗೆ ತನ್ನ ಹೆಸರು ಬರೆಸಿದ. ಗೆಳೆಯನ ಹೆಸರು ತಾನು ಇಟ್ಟುಕೊಂಡ. ಹೀಗೆ ತನ್ನ ಅಂತ್ಯಸಂಸ್ಕಾರಕ್ಕೆ ತಾನೇ ಹೋಗಿಬಂದವನು ಭೂಮಿಯ ಮೇಲೆ ತಾನೊಬ್ಬನೇ ಇರಬೇಕು ಅನ್ನಿಸಿ ಅವನಿಗೆ ನಗು ಬಂತು.

ಉಳಿದದ್ದೆಲ್ಲ ನೀರು ಕುಡಿದಷ್ಟು ಸುಲಭ. ಗೆಳೆಯ ಮನೆ ಬಿಟ್ಟಾಗ ಇನ್ನೂ ಮೀಸೆ ಮೂಡಿರಲಿಲ್ಲ. ಈಗ ಇವನ ಮುಖ ತುಂಬ ಗಡ್ಡ, ತಲೆಯಲ್ಲಿ ನರೆ. ಇಬ್ಬರದೂ ಒಂದೇ ಎತ್ತರ, ಒಂದೇ ಬಣ್ಣ. ಮೆಟ್ಟಿಲಿನಿಂದ ಬಿದ್ದು ಗೆಳೆಯನ ಹುಬ್ಬಿನ ಮೇಲಾಗಿದ್ದ ಕಲೆಯನ್ನು ಇವನು ಅಡುಗೆ ಚಾಕುವಿನಲ್ಲಿ ತನ್ನ ಹುಬ್ಬಿಗೂ ಮಾಡಿಕೊಂಡು, ಗಾಯ ಮಾಗಿ ಹಳತಾಗುವವರೆಗೆ ಕಾದ. ಪಾತ್ರೆ ತಿಕ್ಕುತ್ತ ಗೆಳೆಯ ಹೇಳಿಕೊಂಡ ಬಾಲ್ಯವೆಲ್ಲ ಬಾಯಿಪಾಠವಾಗಿತ್ತು. ದೊಡ್ಡಪ್ಪನ ಕೆಮ್ಮು, ಕುಂಟು ಬೆಕ್ಕು, ಕಡ್ಡಿಯಂತಿದ್ದ ಹುಡುಗನಿಗೆ ಗುಂಡು ಎಂದು ಹೆಸರು ಬಿದ್ದ ಕತೆ. ದೊಡ್ಡಮ್ಮನನ್ನು 'ನೀವು' ಅಂದರೆ ಕೆಲಸ ಕೆಟ್ಟಿತು, 'ನೀನು' ಅನ್ನಬೇಕು ಎಂಬುದು ಕೂಡ.

ಈಗ ಅವನು ಆಕೆಯ ಚಹಾಮನೆಯಲ್ಲೇ ಆಕೆಯ ಎದುರು ಕೂತಿದ್ದ. ಗೋಡೆಯುದ್ದಕ್ಕೂ ಚಹಾದೆಲೆ ತುಂಬಿದ ಡಬ್ಬಿಗಳು, ಮೆಲುಮಾತು, ಚಮಚದ ಸದ್ದು. ದೊಡ್ಡಮ್ಮ ಅಪ್ಪಿಕೊಳ್ಳಲೂ ಇಲ್ಲ, ಅಳಲೂ ಇಲ್ಲ. ಅವನ ಕೈಗಳನ್ನೇ ನೋಡುತ್ತಿದ್ದಳು. ಆಕೆಯ ಪಕ್ಕದಲ್ಲಿ ಆಸ್ತಿಪತ್ರ ಹಿಡಿದು ಕೂತಿದ್ದ ವಕೀಲ ಪೆನ್ನಿನ ಮುಚ್ಚಳವನ್ನೇ ತೆಗೆದಿರಲಿಲ್ಲ. ಕಿಟಕಿಯ ಬಳಿ ಒಬ್ಬ ಪತ್ರಿಕೆ ಓದುತ್ತಿದ್ದ, ಆದರೆ ಪುಟ ತಿರುಗಿಸುತ್ತಿರಲಿಲ್ಲ. ಪೊಲೀಸಿನವನೇ? ಬಾಗಿಲ ಬಳಿ ನಿಂತ ಹೆಂಗಸು ಯಾಕೆ ಇತ್ತಲೇ ನೋಡುತ್ತಿದ್ದಾಳೆ? ಅಷ್ಟರಲ್ಲಿ ಯಾರೋ ಒಬ್ಬಳು ಓಡಿಬಂದು ಪತ್ರಿಕೆಯವನ ಎದುರು ಕೂತು, ತಡವಾಯಿತೆಂದು ಗೋಗರೆದಳು. ಥೂ, ಕಂಡಲ್ಲೆಲ್ಲ ಪೊಲೀಸರು!

"ಮಹಡಿ ಮೇಲಿನ ನಿನ್ನ ಕೋಣೆ ಹಾಗೇ ಇಟ್ಟಿದೀನಿ," ಅಂದಳು ದೊಡ್ಡಮ್ಮ, ಏನೋ ಮರೆತದ್ದು ನೆನಪಾದವಳಂತೆ.

ಬಲೆ ಕಣ್ಣಿಗೆ ಕಾಣುತ್ತಿತ್ತು. ಅವನು ಅವಸರ ಮಾಡಲಿಲ್ಲ.

"ಮಹಡಿ ಎಲ್ಲಿತ್ತು ದೊಡ್ಡಮ್ಮ? ಅಟ್ಟ ಇತ್ತು. ನೀನು ಬೈದಾಗೆಲ್ಲ ಬೆಕ್ಕು ಎತ್ಕೊಂಡು ಅಲ್ಲೇ ಹತ್ತಿ ಕೂರ್ತಿದ್ದೆ. ಆಮೇಲೆ ನೀನೇ ಏಣಿ ಹತ್ತಿಬಂದು ಊಟ ಕೊಡ್ತಿದ್ದೆ."

ಕುಂಟು ಬೆಕ್ಕು, ದೊಡ್ಡಪ್ಪನ ಕೆಮ್ಮು, ಒಂದೊಂದನ್ನೂ ಅವನು ಬೇಕಾದಷ್ಟೇ ಬಡಿಸಿದ. ಇಷ್ಟು ವರ್ಷ ಏನು ಮಾಡಿಕೊಂಡಿದ್ದೆ ಎಂದು ಕೇಳಿದಾಗ ನಿಜವನ್ನೇ ಹೇಳಿದ: ಹೋಟೆಲುಗಳಲ್ಲಿ ಅಡುಗೆ. ಒಳ್ಳೆಯ ಸುಳ್ಳಿಗೆ ಅಷ್ಟಿಷ್ಟು ನಿಜ ಬೆರೆಸಬೇಕೆಂದು ಅವನ ಲೆಕ್ಕಾಚಾರ. ದೊಡ್ಡಮ್ಮ ತಟ್ಟನೆ ಅವನ ಎರಡೂ ಕೈ ಹಿಡಿದು, ಕಟ್ಟೆಯೊಡೆದಂತೆ ಅತ್ತಳು. ಅವನಿಗೂ ಕಣ್ಣೀರು ಬಂತು, ಬರಿಸಿಕೊಳ್ಳಬೇಕಾಗಲಿಲ್ಲ. ಹಾಗೆ ಯಾರೂ ಅವನ ಕೈ ಹಿಡಿದಿರಲಿಲ್ಲ. ವಕೀಲ ಗಂಟಲು ಸರಿಮಾಡಿಕೊಂಡು ಪೆನ್ನು ತೆರೆದ.

"ಇರಿ, ಮೊದಲು ಮಗು ಚಹಾ ಕುಡೀಲಿ," ಎಂದು ಆಕೆ ತಾನೇ ಒಳಗೆ ಹೋಗಿ ಕೆಟಲ್ ತಂದಳು. ಬಟ್ಟಲಿಗೆ ಸುರಿದಾಗ ತೆಳುವಾದ ಹಬೆ ಎದ್ದಿತು. ಗೆದ್ದಾಗಿತ್ತು. ಇನ್ನು ಒಂದೇ ಒಂದು ಒಳ್ಳೆಯ ಮಾತು ಸಾಕು, ಚಹಾವನ್ನೇ ಉಸಿರಾಡಿ ಬದುಕಿದ ಹೆಂಗಸಿಗೆ ಹಿಡಿಸುವಂಥದ್ದು. ಅವನು ಬಟ್ಟಲನ್ನು ಮೂಗಿನ ಬಳಿ ತಂದು ಕಣ್ಣು ಮುಚ್ಚಿಕೊಂಡ.

"ಆಹಾ, ಅದೇ ಘಮ ದೊಡ್ಡಮ್ಮ! ಎಲ್ಲಿದ್ರೂ ಇದೊಂದನ್ನ ಮಾತ್ರ ಮರೀಲಿಲ್ಲ ನೋಡು."

ಕಣ್ಣು ತೆರೆದಾಗ ದೊಡ್ಡಮ್ಮ ವಕೀಲನ ಪೆನ್ನಿನ ಮೇಲೆ ಕೈಯಿಟ್ಟಿದ್ದಳು. ಆಕೆಯ ಮುಖದಲ್ಲಿ ರಕ್ತವೇ ಇರಲಿಲ್ಲ. "ನಮ್ಮ ಗುಂಡುಗೆ ವಾಸನೇನೇ ಗೊತ್ತಾಗ್ತಿರ್ಲಿಲ್ಲ," ಅಂದಳು, ತನಗೆ ತಾನೇ ಹೇಳಿಕೊಳ್ಳುವಂತೆ. "ಕೂಸಾಗಿದ್ದಾಗ ಕಾಯಿಲೆ ಬಿದ್ದು ಹೋಗ್ಬಿಡ್ತು. ಮೂಗಿಲ್ಲದೋನಿಗೆ ಚಹಾದಂಗಡಿ ಯಾಕೆ ಅಂತ ನಮ್ಮ ಯಜಮಾನ್ರು ಅಂದಿದ್ದಕ್ಕೇ ಅವನು ಮನೆ ಬಿಟ್ಟಿದ್ದು. ಅಡುಗೆ ಕೆಲಸ ಅಂದ್ಯಲ್ಲ, ಅವನೂ ಅಲ್ಲೇ ಇದ್ದಿರ್ಬೇಕು, ಯಾರಿಗೂ ಹೇಳಿರಲ್ಲ. ಹೇಳಿದ್ರೆ ಕೆಲಸ ಎಲ್ಲಿ ಉಳಿಯುತ್ತೆ?" ಹಾಲು ಕೆಟ್ಟಿದೆಯೇನೋ ನೋಡು, ಒಗ್ಗರಣೆ ಸೀದಿತೇನೋ ನೋಡು ಎಂದು ಗೆಳೆಯ ಪ್ರತಿದಿನ ಪಾತ್ರೆಯನ್ನು ಇವನ ಮೂಗಿನ ಮುಂದೆ ಹಿಡಿಯುತ್ತಿದ್ದದ್ದು ಇವನಿಗೆ ಆಗ ನೆನಪಾಯಿತು. ಅದನ್ನು ಇವನು ಸ್ನೇಹ ಎಂದುಕೊಂಡಿದ್ದ. ವಕೀಲ ಎದ್ದುಹೋಗಿ ಬಾಗಿಲಿಗೆ ಅಡ್ಡ ನಿಂತ. ದೊಡ್ಡಮ್ಮ ಮಾತ್ರ ಕೂತಲ್ಲೇ ಕೂತು, ಅವನ ಹುಬ್ಬಿನ ಕಲೆಯನ್ನು ನೋಡುತ್ತ ಕೇಳಿದಳು: "ಇಷ್ಟೆಲ್ಲ ಅವನೇ ಹೇಳಿರ್ಬೇಕು ನಿನಗೆ. ಎಲ್ಲಪ್ಪಾ ನನ್ನ ಮಗು? ಏನು ಮಾಡ್ದೆ ಅವನನ್ನ?"